ಬಿದಿರಿನ ಸವತಿ

ನಮ್ಮ ಮನೆಯವರು ಒಮ್ಮೆ ಮಲಗಿದರೆ ತಲೆಯ ಮೇಲೆ ಮನೆ ಬಿದ್ದರೂ ಏಳುವವರಲ್ಲ ಎಂದು ಮದುವೆಯಾದ ಹೊಸತರಲ್ಲೇ ಅತ್ತೆ ನನ್ನನ್ನು ಎಚ್ಚರಿಸಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಕುವೈತಿನಲ್ಲಿ ನಮ್ಮದು ಸಾಲ್ಮಿಯಾದ ಫ್ಲ್ಯಾಟು. ಶುಕ್ರವಾರ ಮಧ್ಯಾಹ್ನ ಅನ್ನ ಸಾರು ಉಂಡು ಮಲಗಿದರೆಂದರೆ ಮಗಳ ಟೀವಿ, ನನ್ನ ಮಿಕ್ಸಿ, ಕೆಳಗಿನ ರಸ್ತೆಯ ಹಾರ್ನ್, ಯಾವುದೂ ಅವರಿಗೆ ತಟ್ಟುತ್ತಿರಲಿಲ್ಲ. ನನಗೋ, ಎಲೆ ಅಲುಗಿದರೂ ಎಚ್ಚರ. ಅವರ ಗೊರಕೆ ಕೇಳಿ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಆ ನಿದ್ದೆ ಒಂದು ಜೂನ್ ತಿಂಗಳಲ್ಲಿ ಹೊರಟುಹೋಯಿತು. ಇವರು ಆಗ ಕೊರಿಯಾದವರ ಕಂಪನಿಯೊಂದರಲ್ಲಿ ಸೈಟ್ ಎಂಜಿನಿಯರ್. ಜೊತೆಯಲ್ಲಿ ಉಡುಪಿ ಕಡೆಯ ಗೆಳೆಯರೊಬ್ಬರಿದ್ದರು. ನಮ್ಮ ಮನೆಗೆ ಬಂದರೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುತ್ತಿದ್ದ ಮನುಷ್ಯ. ಒಂದು ಮಧ್ಯಾಹ್ನ ಅವರು ತಲೆನೋವು ಎಂದರಂತೆ. "ಕಾರಲ್ಲಿ ಏಸಿ ಹಾಕ್ಕೊಂಡು ಅರ್ಧ ಗಂಟೆ ಮಲಗಿ, ನಾನೇ ಬಂದು ಎಬ್ಬಿಸ್ತೀನಿ" ಎಂದು ಇವರು ಹೇಳಿದರಂತೆ. ಎಬ್ಬಿಸಲು ಹೋದಾಗ ಅವರು ಏಳಲಿಲ್ಲ. ಹೃದಯ ನಿಂತಿತ್ತು, ಯಾರು ಯಾವಾಗ ಎಬ್ಬಿಸಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದು ಇವರ ಕಿವಿಗೆ ಬೀಳಲೇ ಇಲ್ಲ.

ಅಂದಿನಿಂದ ಸೋಫಾದ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದರು. ತಾವು ಮಲಗದಿದ್ದರೆ ಹೋಗಲಿ, ನಮ್ಮನ್ನೂ ಮಲಗಲು ಬಿಡುತ್ತಿರಲಿಲ್ಲ. ಉಸಿರು ಇದೆಯೋ ಇಲ್ಲವೋ ಎಂದು ನಮ್ಮ ಮೂಗಿನ ಹತ್ತಿರ ಬೆರಳು ಹಿಡಿಯುವುದು, ಅನುಮಾನ ಬಂದರೆ ಅಲುಗಾಡಿಸಿ ಎಬ್ಬಿಸುವುದು. "ಅಮ್ಮಾ, ಅಪ್ಪ ಈಸ್ ಚೆಕಿಂಗ್ ಮಿ ಅಗೇನ್" ಎಂದು ಮಗಳು ಅಳುತ್ತಾ ಬರುತ್ತಿದ್ದಳು. ಮಾತ್ರೆ ಕೊಟ್ಟರೆ ಕಣ್ಣು ಮುಚ್ಚುತ್ತಿದ್ದರು, ಮರುಗಳಿಗೆ ಬೆಚ್ಚಿ ಎದ್ದು ಕೂರುತ್ತಿದ್ದರು. ಆಗಸ್ಟಿನ ಹೊತ್ತಿಗೆ ಕಣ್ಣು ಗುಳಿ ಬಿದ್ದು, ಕಾರನ್ನು ಒಮ್ಮೆ ಡಿವೈಡರಿಗೆ ಹತ್ತಿಸಿ ಬಂದರು. ಇನ್ನು ನಿದ್ದೆ ಬರದಿದ್ದರೆ ಇವರೂ ನನಗೆ ದಕ್ಕುವುದಿಲ್ಲ ಎಂದು ಅವತ್ತು ನನಗೆ ಖಚಿತವಾಯಿತು. ದೇವರ ಮುಂದೆ ಬೇರೇನೂ ಕೇಳಲಿಲ್ಲ. ನಿದ್ದೆ ಕೊಡು, ಯಾವ ರೂಪದಲ್ಲಾದರೂ ಕೊಡು ಎಂದೆ.

ಆಗಲೇ ಕಂಪನಿ ಯಾವುದೋ ಯಂತ್ರದ ತಪಾಸಣೆಗೆಂದು ಅವರನ್ನು ಕೊರಿಯಾಕ್ಕೆ ಕಳಿಸಿತು. ಒಬ್ಬರನ್ನೇ ಬಿಡಲು ಧೈರ್ಯವಿಲ್ಲದೆ, ಮಗಳನ್ನು ಮೈಸೂರಿಗೆ ನಮ್ಮಮ್ಮನ ಹತ್ತಿರ ಬಿಟ್ಟು ನಾನೂ ಹೊರಟೆ. ಭಾನುವಾರ ಅಲ್ಲಿಯ ಮ್ಯಾನೇಜರು ನಮ್ಮನ್ನು ದಾಮ್ಯಾಂಗ್ ಎಂಬ ಊರಿಗೆ ಕರೆದೊಯ್ದರು. ಬಿದಿರಿಗೆ ಹೆಸರಾದ ಊರಂತೆ. ಆ ಮನುಷ್ಯ ಕುವೈತಿನಲ್ಲಿ ಬಹಳ ವರ್ಷ ದುಡಿದಿದ್ದವರು, ಹೋಟೆಲಿನ ಮುಂದೆ ಕಾರು ನಿಲ್ಲಿಸಿ, "ಯಲ್ಲಾ, ಮೇಡಂ, ಯಲ್ಲಾ" ಎಂದು ಅರಬ್ಬಿಯಲ್ಲಿ ಹೊರಡಲು ಅವಸರಿಸಿದಾಗ ಇವರೂ ಎಷ್ಟೋ ದಿನಗಳ ಮೇಲೆ ನಕ್ಕರು.

ಆ ಊರು ನನಗೆ ಮೊದಲ ನೋಟಕ್ಕೇ ಸರಿಬರಲಿಲ್ಲ. ನಮ್ಮ ಕಡೆ ಹಸಿ ಬಿದಿರು ಹೊತ್ತು ಬೀದಿಯಲ್ಲಿ ಬಂದರೆ ಯಾರು ಹೋದರು ಎಂದು ಕೇಳುತ್ತಾರೆ. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಹಸಿ ಬಿದಿರು, ಅದರ ನಡುವೆ ಜನ ಮಕ್ಕಳನ್ನು ಕಟ್ಟಿಕೊಂಡು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ತೋಪಿನ ಒಳಗೆ ಕಾಲಿಟ್ಟೊಡನೆ ಹೊರಗಿನ ಬಿಸಿಲು ನಂದಿಹೋಯಿತು. ಎಲ್ಲರ ಮುಖದ ಮೇಲೂ ಹಸಿರು ನೆರಳು. ಇವರ ಮುಖ ಮೊದಲೇ ರಕ್ತವಿಲ್ಲದ್ದು, ಆ ಬೆಳಕಿನಲ್ಲಿ ನೋಡಲಾಗಲಿಲ್ಲ. ಗಾಳಿ ನೆಲದ ಹತ್ತಿರ ಸುಳಿಯುತ್ತಿರಲಿಲ್ಲ, ಆದರೆ ಮೇಲೆಲ್ಲೋ ಬಿದಿರಿಗೆ ಬಿದಿರು ತಾಗಿ ಟಕ್ ಎನ್ನುತ್ತಿತ್ತು. ಸ್ವಲ್ಪ ಬಿಟ್ಟು ಇನ್ನೊಂದು ಕಡೆಯಿಂದ ಟಕ್. ಒಬ್ಬರು ಬಾಗಿಲು ತಟ್ಟಿ ಇನ್ನೊಬ್ಬರು ಒಳಗಿನಿಂದ ಓಗೊಟ್ಟ ಹಾಗೆ.

"ರೀ, ಇನ್ನ ಒಳಗೆ ಬೇಡ ಕಣ್ರೀ" ಎಂದೆ.

"ಏನಾಗಲ್ಲ ಬಾರೇ. ಎಷ್ಟು ತಣ್ಣಗಿದೆ ನೋಡು" ಎಂದು ಅವರು ಒಂದು ಬಿದಿರಿಗೆ ಕೆನ್ನೆ ಒತ್ತಿ ನಿಂತರು. ಎಷ್ಟೋ ಹೊತ್ತು ಹಾಗೇ ನಿಂತರು. ಕೆನ್ನೆ ತೆಗೆದಾಗ ಗಿಣ್ಣಿನ ಬಿಳಿ ಪುಡಿ ಅಲ್ಲಿ ವಿಭೂತಿಯಂತೆ ಅಂಟಿತ್ತು. ನಾನು ಸೆರಗಿನಿಂದ ಉಜ್ಜಿ ಒರೆಸಿದೆ.

ಊಟವೂ ಬಿದಿರಿನದೇ. ಬಿದಿರಿನ ಕೊಳವೆಯೊಳಗೆ ಬೇಯಿಸಿದ ಅನ್ನ. ಊಟದ ಮೇಲೆ ಬಿದಿರು ಸಾಮಾನಿನ ಅಂಗಡಿಗಳಿದ್ದ ಬೀದಿಗೆ ಬಂದೆವು. ಕೊನೆಯ ಅಂಗಡಿಯಲ್ಲಿ ಬೆನ್ನು ಬಾಗಿದ ಅಜ್ಜಿಯೊಬ್ಬರು ಕೂತಿದ್ದರು. ಬುಟ್ಟಿ, ಮೊರಗಳ ನಡುವೆ ಆಳುದ್ದದ, ದಿಂಬಿನಾಕಾರದ ಪೊಳ್ಳು ಹೆಣಿಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಏನಿದು ಎಂದು ಕೇಳಿದರೆ ಮ್ಯಾನೇಜರಿಗೆ ನಾಚಿಕೆ. ಇದಕ್ಕೆ ನಮ್ಮಲ್ಲಿ ಬಿದಿರಿನ ಹೆಂಡತಿ ಅನ್ನುತ್ತಾರೆ, ಸೆಕೆಗಾಲದಲ್ಲಿ ಗಂಡಸರು ತಬ್ಬಿಕೊಂಡು ಮಲಗುತ್ತಾರೆ, ಗಾಳಿಯಾಡಿ ಮೈ ತಣ್ಣಗಾಗಿ ಒಳ್ಳೆಯ ನಿದ್ದೆ ಬರುತ್ತದೆ ಎಂದರು.

ನಿದ್ದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಮುಂದಾದೆ. "ಲೋಕದಲ್ಲಿ ತಾನಾಗೇ ಸವತಿ ತರೋ ಹೆಂಗಸು ನಾನೊಬ್ಬಳೇ ನೋಡಿ" ಎಂದು ಇವರನ್ನು ಛೇಡಿಸಿದೆ. ಹೊಸವನ್ನೆಲ್ಲ ಸವರಿ ನೋಡಿದೆ. ಸಿಬಿರು ಕೈಗೆ ಚುಚ್ಚಿತು. ನಮ್ಮ ಮನೆತನದಲ್ಲಿ ಯಾರೂ ಹೊಸ ಕಾವಲಿ ಕೊಂಡವರಲ್ಲ; ದೋಸೆ ಏಳಬೇಕಾದರೆ ಇನ್ನೊಬ್ಬರ ಕೈಯಲ್ಲಿ ಪಳಗಿದ್ದೇ ಬೇಕು ಎಂದು ಕೇಳಿ ಪಡೆಯುತ್ತೇವೆ. ಬಾಗಿಲ ಮೇಲೆ ಜೇನುಬಣ್ಣಕ್ಕೆ ತಿರುಗಿ, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದ ಒಂದು ಹಳೆಯದು ತೂಗುತ್ತಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು. ಅದೇ ಬೇಕು ಎಂದು ಬೆರಳು ತೋರಿಸಿದೆ.

ಅಜ್ಜಿ ಎರಡೂ ಕೈ ಅಡ್ಡ ಆಡಿಸಿದರು. ನಾನು ಹಟ ಬಿಡಲಿಲ್ಲ, ಇವರನ್ನು ಮುಂದೆ ತಳ್ಳಿ, ಇವರ ಕಣ್ಣು ತೋರಿಸಿ, ನಿದ್ದೆ ಇಲ್ಲ ಎಂದು ಕೈಸನ್ನೆ ಮಾಡಿದೆ. ಅಜ್ಜಿ ಇವರ ಮುಖವನ್ನೇ ನೋಡುತ್ತಾ ನಿಂತರು. ಆಮೇಲೆ ಮ್ಯಾನೇಜರಿಗೆ ಏನೋ ಹೇಳಿ ಅದನ್ನು ಇಳಿಸಿದರು. ಮ್ಯಾನೇಜರ ಮುಖದ ನಗು ಅಲ್ಲಿಗೆ ನಿಂತಿತು.

ಅಂಗಡಿಯ ಹಿಂದೆ ಮರದ ಜಗಲಿ, ಅದರಾಚೆ ಮತ್ತೆ ಬಿದಿರು. ಅಜ್ಜಿ ಚಾಪೆ ಹಾಸಿ ಮಲಗು ಎಂಬಂತೆ ತಟ್ಟಿದರು. ಇವರು ಸಂಕೋಚವಿಲ್ಲದೆ ಮಲಗಿ ಅದರ ಮೇಲೆ ಕೈಕಾಲು ಹಾಕಿದರು. "ಅರ್ಧ ಗಂಟೆ ಕಣೇ. ಎಬ್ಬಿಸ್ತೀಯಲ್ವಾ?" ಎಂದರು. ಹೂಂ ಅನ್ನುವುದರೊಳಗೆ ಗೊರಕೆ ಶುರುವಾಯಿತು. ಆ ಗೊರಕೆ ಕೇಳಿ ನಾನು ಅತ್ತುಬಿಟ್ಟೆ.

ಅಜ್ಜಿ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸತೊಡಗಿದರು. ಪುಣ್ಯಾತ್ಗಿತ್ತಿ, ಏನು ಹೇಳಿದರು ಎಂದು ನಾನು ಮ್ಯಾನೇಜರನ್ನು ಕೇಳಿದೆ. ಆತ ತಲೆ ತಗ್ಗಿಸಿದರು.

"ಮೇಡಂ, ಅದು ಅವರ ಗಂಡನದು. ನಮ್ಮಲ್ಲಿ ತಂದೆಯದನ್ನು ಮಗ ಕೂಡ ತಬ್ಬುವುದಿಲ್ಲ. ಯಜಮಾನ ಸತ್ತರೆ ಅವನ ಜೊತೆಯೇ ಸುಟ್ಟುಬಿಡಬೇಕು. ಇವರು ಸುಟ್ಟಿಲ್ಲ. ಗಂಡ ಇದೇ ಜಗಲಿಯಲ್ಲಿ ಊಟ ಮಾಡಿ ಮಲಗಿದ್ದರಂತೆ. ದಣಿದಿದ್ದಾರೆ, ಮಲಗಲಿ ಎಂದು ಇವರು ಸಂಜೆಯವರೆಗೆ ಎಬ್ಬಿಸಲಿಲ್ಲವಂತೆ."

ಚಪ್ಪಲಿ ಕಾಲಿನಲ್ಲೇ ಜಗಲಿ ಹತ್ತಿ "ರೀ, ಏಳಿ" ಎಂದೆ. ಅಲುಗಾಡಿಸಿದೆ. ಗೊರಕೆ ನಿಂತಿತ್ತು. ಮೈ ಬಿದಿರಿನಷ್ಟೇ ತಣ್ಣಗಿತ್ತು. ಹಿಂದಿನ ತೋಪಿನಲ್ಲಿ ಟಕ್ ಎಂದಿತು. ಅಜ್ಜಿ ಬಾಗಿ, ಇಳಿದನಿಯಲ್ಲಿ, ಹೆಂಡತಿ ಗಂಡನಿಗೆ ಮನೆವಾರ್ತೆ ಹೇಳುವ ಧಾಟಿಯಲ್ಲಿ ಏನೋ ಹೇಳಿದರು. ಇವರು ಕಣ್ಣು ಮುಚ್ಚಿಯೇ "ಹೂಂ" ಎಂದರು. ಅಜ್ಜಿ ಮತ್ತೇನೋ ಕೇಳಿದರು. ಇವರು ಸ್ವಲ್ಪ ಯೋಚಿಸಿದವರಂತೆ ತಡೆದು, ಮತ್ತೆ "ಹೂಂ" ಎಂದರು. ನಾನು ಕಿರುಚಿದ್ದು ಅವರಿಗೆ ಕೇಳಿಸಲಿಲ್ಲ. ಅರ್ಥವಾಗದ ಭಾಷೆಯ ಆ ಮುದುಕಿಯ ಪಿಸುಮಾತಿಗೆ ಓಗೊಡುತ್ತಿದ್ದರು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಹೆದರಿಕೆಯ ಜೊತೆಗೆ ಸಿಟ್ಟೂ ಬಂತು. ಆ ಬಿದಿರನ್ನು ಹಿಡಿದು ಎಳೆದೆ. ಇವರು ಬಿಗಿಯಾಗಿ ತಬ್ಬಿಕೊಂಡರು, ಬಿಡಲಿಲ್ಲ.

"ಎಬ್ಬಿಸಿ, ನೀವೇ ಎಬ್ಬಿಸಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅಜ್ಜಿಗೆ ಕನ್ನಡದಲ್ಲೇ ಹೇಳಿದೆ. ಅವರು ನನ್ನನ್ನು ನೋಡಿದರು. ನನ್ನ ಅಳು ಅವರಿಗೆ ತಿಳಿದಿರಬೇಕು. ಬೀಸಣಿಗೆ ಕೆಳಗಿಟ್ಟು, ಇವರ ಕಿವಿಯ ಹತ್ತಿರ ಬಾಯಿಟ್ಟು, ಒಂದೇ ಒಂದು ಮಾತನ್ನು ಗಟ್ಟಿಯಾಗಿ ಕೂಗಿದರು.

ಇವರು ಎದ್ದು ಕೂತರು. ಸುತ್ತ ನೋಡಿ, "ಎಷ್ಟು ಹೊತ್ತಾಯ್ತೇ?" ಎಂದರು. ಅರ್ಧ ಗಂಟೆಯೂ ಆಗಿಲ್ಲ ಎಂದುಕೊಂಡಿದ್ದೆ, ನೋಡಿದರೆ ಸಂಜೆಯಾಗಿತ್ತು.

ಅಜ್ಜಿ ಇವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದರು, ಅಳುತ್ತಿದ್ದರು. ಎದ್ದ, ಎದ್ದ ಎನ್ನುತ್ತಿದ್ದಾರೆ ಎಂದು ಮ್ಯಾನೇಜರು ಹೇಳಿದರು. ಆಮೇಲೆ ಆಕೆ ಆ ಹೆಣಿಗೆಯನ್ನು ಅಂಗಳಕ್ಕೆ ಒಯ್ದು ಬೆಂಕಿ ಹಚ್ಚಿದರು. ಒಣಗಿದ್ದು, ಚಟಪಟನೆ ಹೊತ್ತಿಕೊಂಡಿತು. ಇವರು ಅದು ಬೂದಿಯಾಗುವವರೆಗೂ ರೆಪ್ಪೆ ಹೊಡೆಯದೆ ನೋಡಿದರು. ನಾನು ಎಳೆದರೂ ಕಾರು ಹತ್ತಲಿಲ್ಲ.

ಕುವೈತಿಗೆ ಮರಳಿದ ಮೇಲೆ ಅವರಿಗೆ ನಿದ್ದೆ ಬಂತು. ಮೈ ತುಂಬಿಕೊಂಡಿತು. ಕೆಲಸಕ್ಕೂ ಹೋಗುತ್ತಿದ್ದಾರೆ, ಕಾರನ್ನೂ ನೆಟ್ಟಗೆ ಓಡಿಸುತ್ತಾರೆ. ಡಾಕ್ಟರು ಮಾತ್ರೆ ಖಲಾಸ್ ಎಂದು ನಕ್ಕರು. ಕೇಳಿದ್ದು ಸಿಕ್ಕಿತಲ್ಲ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಆದರೆ ಅದು ಹಿಂದಿನ ನಿದ್ದೆಯಲ್ಲ. ಗೊರಕೆ ಇಲ್ಲ. ಶುಕ್ರವಾರ ಊಟವಾದ ಮೇಲೆ ಗೋಡೆಯ ಕಡೆ ತಿರುಗಿ, ತೋಳು ಚಾಚಿ, ಏನೂ ಇಲ್ಲದ ಜಾಗವನ್ನು ತಬ್ಬಿ ಮಲಗುತ್ತಾರೆ. ಆ ತೋಳುಗಳ ನಡುವೆ ಒಮ್ಮೆ ಕೈಯಿಟ್ಟು ನೋಡಿದೆ. ಅಲ್ಲಿ ತಣ್ಣಗಿತ್ತು. ಬೇಗ ಕೈ ತೆಗೆದೆ. ನಡುನಡುವೆ ಕಣ್ಣು ಮುಚ್ಚಿಯೇ "ಹೂಂ" ಎನ್ನುತ್ತಾರೆ, ಏನನ್ನೋ ಕೇಳಿಸಿಕೊಂಡು ಮತ್ತೆ "ಹೂಂ" ಎನ್ನುತ್ತಾರೆ.

ಎಬ್ಬಿಸಬೇಕು ಎಂದು ಎಷ್ಟೋ ಸಲ ಬಾಗಿಲವರೆಗೆ ಹೋಗಿದ್ದೇನೆ. ನಾನು ಎಬ್ಬಿಸಿದರೆ ಅವರು ಏಳದೇ ಇರಬಹುದು. ಎದ್ದರೆ, ಹೋದ ನಿದ್ದೆ ಮತ್ತೆ ಬಾರದೇ ಇರಬಹುದು. ಯಾವ ರೂಪದಲ್ಲಾದರೂ ಕೊಡು ಎಂದವಳು ನಾನೇ. ಮಗಳಿಗೆ ಟೀವಿಯ ಸದ್ದು ಕಡಿಮೆ ಮಾಡು ಎಂದು ಹೇಳಿ, ರೂಮಿನ ಬಾಗಿಲು ಎಳೆದುಕೊಂಡು, ಅವರು ತಾವಾಗಿ ಏಳುವವರೆಗೆ ಹೊರಗೆ ಸೋಫಾದ ಮೇಲೆ ಕೂತಿರುತ್ತೇನೆ.