ಈಸ್ಟರ್ ಹಬ್ಬದ ತತ್ತಿ

ಮೂವತ್ತರ ದಶಕದಲ್ಲಿ ಧಾರವಾಡದ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು, ಪಾಠದಲ್ಲಿ ಬೇರೆ ಧರ್ಮದ ಆಚರಣೆ ಬಂತೆಂದರೆ ಪುಸ್ತಕ ಮಡಚಿಟ್ಟು, "ಮೊದಲ ಅವರ ಮನ್ಯಾಗ ಹೋಗಿ ಕೂಡೂಣ್ರಿ" ಎನ್ನುತ್ತಿದ್ದರು.

ಒಮ್ಮೆ ಒಂದು ರಷ್ಯನ್ ಕಥೆಯಲ್ಲಿ, ಈಸ್ಟರ್ ದಿನ ಮುದುಕಿಯೊಬ್ಬಳು ತನ್ನ ವೈರಿಯ ಕೈಗೆ ಕೆಂಪು ಬಣ್ಣ ಹಚ್ಚಿದ ಕೋಳಿ ತತ್ತಿ ಇಡುತ್ತಾಳೆ. ಅವನು ಅತ್ತುಬಿಡುತ್ತಾನೆ.

"ತತ್ತಿ ನೋಡಿ ಅಳೂದೇನ್ರಿ ಸರ್?" ಎಂದು ನಾವು ನಕ್ಕೆವು.

ಆ ವರ್ಷ ಈಸ್ಟರ್ ಹಬ್ಬಕ್ಕೆ ಮಾಸ್ತರರು ನಮ್ಮನ್ನು ಹುಬ್ಬಳ್ಳಿಯ ತಮ್ಮ ಕ್ರಿಶ್ಚಿಯನ್ ಗೆಳೆಯರೊಬ್ಬರ ಮನೆಗೆ ಕರೆದೊಯ್ದರು. ಗೆಳೆಯರ ತಾಯಿ ಬಾಗಿಲಲ್ಲೇ ಬಣ್ಣದ ತತ್ತಿಯೊಂದನ್ನು ಮಾಸ್ತರರ ಮುಂದೆ ಹಿಡಿದರು.

"ತತ್ತಿ ಒಡದು ಮರಿ ಬಂದಂಗ, ನಮ್ಮ ಸ್ವಾಮಿ ಗೋರಿಯಿಂದ ಎದ್ದು ಬಂದ ದಿನಾರಿ ಇದು. ಇವತ್ತ ಯಾರ ಮ್ಯಾಲೂ ಸಿಟ್ಟ ಇರಬಾರದು."

"ಅವ್ವಾ, ಅವರು ತತ್ತಿ ಮುಟ್ಟಂಗಿಲ್ಲ!" ಎಂದು ಗೆಳೆಯರು ಗಾಬರಿಯಾದರು. ಮಡಿವಂತರ ಮನೆಯಲ್ಲಿ ಬೆಳೆದ ಮಾಸ್ತರರು ಅಷ್ಟರಲ್ಲಿ ಎರಡೂ ಕೈ ಚಾಚಿದ್ದರು.

"ಪ್ರಸಾದ ಅಂತ ತಗೋತೇನ್ರಿ ಅವ್ವಾರ" ಎಂದು ಅದನ್ನು ಕಣ್ಣಿಗೊತ್ತಿಕೊಂಡರು. ಆ ತಾಯಿ ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರಳುವಾಗ ರೈಲು ಕುಲುಕಿದಾಗಲೆಲ್ಲ ಮಾಸ್ತರರು ತತ್ತಿಯನ್ನು ಎದೆಗವಚಿಕೊಳ್ಳುತ್ತಿದ್ದರು. "ಮನ್ಯಾಗ ಏನ ಹೇಳ್ತೀರಿ ಸರ್?" ಎಂದೆ.

"ಹಬ್ಬಕ್ಕ ಹೋಗಿದ್ದೆ ಅಂತ ಹೇಳ್ತೇನಿ" ಎಂದು ಬಾಯ್ತುಂಬ ನಕ್ಕರು.