ಚಕ್ರದ ಕೆಳಗಿನ ಲಿಂಬೆಹಣ್ಣು

ಮೊನ್ನೆ ಗ್ಯಾರೇಜಿನಲ್ಲಿ ಒಂದು ಸ್ಟಾರ್ಟರ್ ಮೋಟರ್ ಬಿಚ್ಚಿದೆ. ಸುಟ್ಟ ಕಾರ್ಬನ್ನಿನ ವಾಸನೆ ಮೂಗಿಗೆ ಬಡಿಯಿತು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಈ ವಾಸನೆಯಲ್ಲೇ ಸಂಸಾರ ನಡೆಸಿದ್ದೇನೆ, ಯಾರ ಮನೆಯ ಬಾಗಿಲಿಗೂ ಹೋಗಿ ನಿಂತಿಲ್ಲ. ಆದರೆ ಮೊನ್ನೆ ಆ ವಾಸನೆಯ ಹಿಂದೆಯೇ ಲಿಂಬೆಹಣ್ಣಿನ ವಾಸನೆಯೂ ಬಂದಂತಾಯಿತು... ಕಾರು ಖಾನಾಪುರದ್ದು. ಅದರ ಒಡತಿ ಆಚೆ ಸ್ಟೂಲಿನ ಮೇಲೆ ಕುಳಿತಿದ್ದಳು. ನಮ್ಮ ಬಾಜೂ ಮನೆ ಕಾಕಾನ ಮಗಳು.

ಕಾಕಾ ಖಾಸಬಾಗದ ನಮ್ಮ ಓಣಿಯಲ್ಲಿ ಎರಡು ಮಗ್ಗ ಹಾಕಿಕೊಂಡಿದ್ದರು. ಊಟಕ್ಕೆ ಕುಳಿತಾಗ ಮಗ್ಗದ ಸದ್ದು ತುಸು ಬದಲಾದರೂ ಸಾಕು, ತುತ್ತು ಬಿಟ್ಟು ಏಳುವವರು. ಬಹಳ ಆಸೆಪಟ್ಟು ಒಂದು ಹಳೆಯ ಕಾರು ಕೊಂಡಿದ್ದರು. ಮಗಳು ಖಾನಾಪುರದ ಹುಡುಗನನ್ನು ತಾನೇ ಮೆಚ್ಚಿದಾಗ ತಿಂಗಳುಗಟ್ಟಲೆ ಅವಳೊಡನೆ ಮಾತು ಬಿಟ್ಟರು. ಕೊನೆಗೆ ಒಪ್ಪಿದರು.

ನಿಶ್ಚಯದ ದಿನ ಹುಡುಗನ ದೊಡ್ಡಪ್ಪ ಆ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಏನ್ ಬೀಗ್ರ, ಇದು ಖಾನಾಪುರ ತನಾ ಬರತೈತೋ, ನಾವ ದಬ್ಬಗೊಂತ ಒಯ್ಯಬೇಕೋ?" ಎಂದರು. ಎಲ್ಲರೂ ನಕ್ಕರು. ಕಾಕಾನೂ ನಕ್ಕರು.

"ನನ್ನ ಮಗಳು ನನ್ನ ಗಾಡ್ಯಾಗ ಬರ್ತಾಳ್ರಿ. ನೀವ್ ಬಾಗಲಾಗ ಆರತಿ ಹಿಡಕೊಂಡು ನಿಂದರ್ರಿ, ಸಾಕು."

ಆ ಮಾತಿಗೆ ಕಾಕಾನ ಮಾನವೆಲ್ಲ ಕಟ್ಟುಬಿದ್ದಿತ್ತು.

ಮದುವೆಯ ದಿನ ಕಾರು ನಡೆಸುವವನು ನಾನೇ. ಊಟ ಮುಗಿದಿತ್ತು. ರಾಹುಕಾಲ ಹಿಡಿಯುವುದರೊಳಗೆ ಮಗಳನ್ನು ಕಳಿಸಬೇಕೆಂದು ಹೆಂಗಸರು ಅವಸರ ಮಾಡುತ್ತಿದ್ದರು. ಮದುಮಕ್ಕಳು ಹೊರಬರುವ ಮೊದಲು ಎಂಜಿನ್ ಚಾಲೂ ಇಡೋಣವೆಂದು ಚಾವಿ ತಿರುಗಿಸಿದೆ. ಟಕ್. ಅಷ್ಟೇ. ಮತ್ತೊಮ್ಮೆ ತಿರುಗಿಸಿದೆ. ಟಕ್.

ಬಾನೆಟ್ ತೆರೆಯುವಂತಿರಲಿಲ್ಲ. ಅದರ ಮೇಲೆ ಸೇವಂತಿಗೆಯ ಬಲೆಯನ್ನು ಬಿಗಿದು ಕಟ್ಟಿದ್ದರು. ಅದನ್ನು ಕಿತ್ತರೆ ಬೀಗರಿಗೆಲ್ಲ ನಾವೇ ಸಾರಿ ಹೇಳಿದಂತೆ. ಕಾಕಾ ನನ್ನ ಮುಖ ನೋಡಿಯೇ ಕಿಟಕಿಗೆ ಬಂದು ಬಗ್ಗಿದರು.

"ಯಾಕ, ತಮ್ಮಾ?"

"ಲೈಟ್ ಹಚ್ಚೇನ್ರಿ. ಮುಂದ ನಿಂತು ನೋಡ್ರಿ. ಚಾವಿ ತಿರುವಿದಾಗ ಸಣ್ಣ ಆಗ್ತಾವೇನು ಹೇಳ್ರಿ."

ಹೂವು ಸರಿಮಾಡುವವರಂತೆ ಕಾಕಾ ಮುಂದೆ ನಿಂತರು. ತಿರುಗಿಸಿದೆ. ಟಕ್.

"ಇದ್ದಂಗ ಅದಾವ."

ಲೈಟು ಸಣ್ಣಗಾಗಿದ್ದರೆ ಬ್ಯಾಟರಿಯ ಮೇಲೆ ಅನುಮಾನ ಪಡುತ್ತಿದ್ದೆ. ಆಗಲಿಲ್ಲ, ಹಾರ್ನೂ ಗಟ್ಟಿಯಾಗಿತ್ತು. ಟಕ್ ಅನ್ನುತ್ತಿದ್ದುದರಿಂದ ಚಾವಿಯ ಹುಕುಮು ಸ್ಟಾರ್ಟರಿನವರೆಗೆ ಮುಟ್ಟುತ್ತಿತ್ತು. ಮೋಟರ್ ಮಾತ್ರ ತಿರುಗುತ್ತಿರಲಿಲ್ಲ. ಒಳಗಿನ ಕಾರ್ಬನ್ ಬ್ರಷ್ ಸವೆದು ಕರೆಂಟು ಹಿಡಿಯದೆ ನಿಂತಿರಬೇಕು. ಅಂಥ ಮೋಟರಿನ ಮೈಗೆ ಒಂದು ಪೆಟ್ಟು ಬಿದ್ದರೆ ಬ್ರಷ್ ಜರುಗಿ ಒಮ್ಮೆ ತಿರುಗೀತು. ತಿರುಗದೆಯೂ ಇದ್ದೀತು. ಪೆಟ್ಟು ಬೀಳುವಾಗಲೇ ಚಾವಿ ತಿರುಗಬೇಕು. ಒಬ್ಬನಿಂದ ಆಗುವ ಕೆಲಸವಲ್ಲ.

"ಯಾರರೆ ಗಾಡಿ ಬುಡಕ ಹೋಗಬೇಕ್ರಿ, ಕಾಕಾ. ಇಲ್ಲಂದ್ರ ದಬ್ಬೂದ."

"ದಬ್ಬೂ ಮಾತ ತಗೀಬ್ಯಾಡ."

ಕಾಕಾ ಸುತ್ತ ನೋಡಿದರು. ಮಗ್ಗುಲಲ್ಲಿ ಅವರ ತಂಗಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಾಡಿಯ ಚಕ್ರದ ಕೆಳಗೆ ಇಡಬೇಕಾದ ಲಿಂಬೆಹಣ್ಣು ಅದರಲ್ಲಿದ್ದವು. ಕಾಕಾ ಅವನ್ನು ಎತ್ತಿಕೊಂಡರು.

"ಪಾನಾ ಕೊಡು. ಎಲ್ಲಿ ಬಡೀಬೇಕು?"

"ಎಡಗಾಲಿ ಹಿಂದ, ಎಂಜಿನ್ ಬಾಜೂಕ, ಚರಿಗಿಯಷ್ಟು ದುಂಡಂದು. ಹಾರ್ನ್ ಹೊಡೀತೀನಿ, ಆವಾಗ ಬಡೀರಿ. ಜೋರ ಬ್ಯಾಡ."

ನಟ್ಟು ಬಿಚ್ಚುವ ಆ ಪಾನಾವನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು, ಬಿಳಿ ಜುಬ್ಬಾ ಧೋತರದ ಆ ಮನುಷ್ಯ ಚಕ್ರದ ಹತ್ತಿರ ಕುಳಿತರು. ಕುಳಿತವರು ಹಾಗೆಯೇ ಮಗ್ಗುಲಾಗಿ ಒಳಗೆ ಸರಿದರು. ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಅಲ್ಲಾಡಿಸಿ ನೋಡಿದೆ, ಹ್ಯಾಂಡ್‌ಬ್ರೇಕ್ ಇನ್ನಷ್ಟು ಎಳೆದೆ, ಮತ್ತೆ ಗೇರ್ ನೋಡಿದೆ. ಗಾಡಿ ಒಂದು ಗೇಣು ಜಿಗಿದರೂ ಚಕ್ರದಡಿ ಲಿಂಬೆಹಣ್ಣಿನ ಜೊತೆ ಕಾಕಾನೂ...

ಅಷ್ಟರಲ್ಲಿ ಮದುಮಕ್ಕಳು ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಹಾರ್ನ್ ಹೊಡೆದೆ, ಚಾವಿ ತಿರುಗಿಸಿದೆ. ಟಕ್. ಏನೂ ಇಲ್ಲ.

ದೊಡ್ಡಪ್ಪ ಕಾರಿನ ಹತ್ತಿರವೇ ಬಂದುಬಿಟ್ಟರು. "ಏನ್ ಬೀಗ್ರ, ಗಾಡಿ ಬುಡಕ ಮಲಗೀರಿ? ಮಗಳನ್ನ ಕಳಿಸಾಕ ಮನಸಿಲ್ಲೇನು?"

"ಲಿಂಬಿಹಣ್ಣು ಒಳಗ ಉರುಳೇತ್ರಿ," ಕೆಳಗಿನಿಂದ ಕಾಕಾನ ದನಿ ಬಂತು. ಆಮೇಲೆ ನನಗೆ ಗದರಿದರು, "ಲೇ ತಮ್ಮಾ, ಹಾರ್ನ್ ಹೊಡಿ!"

ಹೊಡೆದೆ. ಈ ಸಲ ಪೆಟ್ಟು ನನ್ನ ಪಾದಕ್ಕೇ ತಾಗಿದಂತೆ ಕೇಳಿಸಿತು. ಚಾವಿ ತಿರುಗಿಸಿದೆ. ಎಂಜಿನ್ ಭರ್ರೆಂದಿತು.

ಕಾಕಾ ಹೊರಗೆ ಸರಿದು ಎದ್ದರು. ಮೊದಲು ಟಾವೆಲ್ಲು ಹೊದ್ದು ಜುಬ್ಬಾದ ಕಲೆ ಮುಚ್ಚಿಕೊಂಡರು. ಮಗಳು ಕಾರಿನಿಂದ ಇಳಿದು ಅವರ ಕಾಲಿಗೆ ಬಿದ್ದಳು. ಕಾಕಾ ಎರಡೂ ಕೈ ಮುಂದೆ ತಂದವರು ತಟ್ಟನೆ ನಿಂತರು. ಮುಷ್ಟಿ ಕಟ್ಟಿ, ಕೈಯ ಹಿಂಬದಿಯಿಂದ ಅವಳ ತಲೆಯನ್ನು ಒಂದಿಷ್ಟು ಮುಟ್ಟಿ, ಮುಖ ತಿರುಗಿಸಿದರು.

ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದರು: "ಹಾದ್ಯಾಗ ಬಂದ್ ಮಾಡಬ್ಯಾಡ. ಇದು ಮಗಳಿಗೂ ಗೊತ್ತಾಗಬಾರದು, ನನ್ನ ಆಣಿ."

ಮಲಪ್ರಭೆಯ ದಂಡೆಯಲ್ಲಿ ಮದುಮಗಳು ಇಳಿದು ಹೊಳೆಗೆ ಅರಿಷಿಣ ಕುಂಕುಮ ಹಾಕುವಾಗಲೂ ನಾನು ಎಂಜಿನ್ ಬಂದ್ ಮಾಡಲಿಲ್ಲ. "ಪೆಟ್ರೋಲ್ ಪುಕ್ಕಟೆ ಬಂದೈತೇನಪಾ?" ಎಂದು ದೊಡ್ಡಪ್ಪ ಚುಚ್ಚಿದರು. ಬೀಗರ ಬಾಗಿಲಲ್ಲಿ ಆರತಿ ಆದ ಮೇಲೆಯೇ ಚಾವಿ ತೆಗೆದೆ.

ಕಾಕಾ ಈಗ ಇಲ್ಲ. ಮಗ್ಗದ ಮನೆಯ ಗೋಡೆಯ ಆಚೆಯಿಂದ ಸದ್ದು ಬರುವುದು ನಿಂತು ಹೋಗಿದೆ... ಆ ದೊಡ್ಡಪ್ಪನೂ ಇಲ್ಲ.

ಮೊನ್ನೆ ಸವೆದ ಬ್ರಷ್ ತೆಗೆದು ಕಾಕಾನ ಮಗಳಿಗೆ ತೋರಿಸಿದೆ. ಅವಳು ಅದನ್ನು ನೋಡಲೇ ಇಲ್ಲ.

"ಅಣ್ಣಾ, ನನ್ನ ಕಳಿಸೂ ಮುಂದ ನೀವು ಅಲ್ಲೇ ಇದ್ರಿ. ಅಪ್ಪ ನನ್ನ ತಲಿ ಮ್ಯಾಲ ಅಂಗೈ ಇಡಲಿಲ್ಲ. ಸಾಯೂತನಾ ಕೇಳಾಕ ನನಗ ಧೈರ್ಯ ಆಗಲಿಲ್ಲ. ಸಿಟ್ಟು ಹೋಗಿರಲಿಲ್ಲೇನು?"

ಆಣೆ ನೆನಪಾಯಿತು. ಆಣೆ ಹಾಕಿದವರು ಇದ್ದಿದ್ದರೆ ಅವರೇ ಈಗ ಬಿಡಿಸುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಕೊನೆಗೆ ಎಣ್ಣೆ, ಮಸಿ ಮೆತ್ತಿದ ನನ್ನ ಎರಡೂ ಅಂಗೈ ಅವಳ ಮುಂದೆ ಹಿಡಿದೆ.

"ಅಪ್ಪನ ಕೈ ಅವತ್ತು ಹಿಂಗಿದ್ದೂವು, ತಂಗಿ."

ಅವಳು ಆ ಅಂಗೈಗಳನ್ನೇ ನೋಡುತ್ತ ಕುಳಿತಳು. ನಾನು ಕೈ ತೊಳೆಯಲೆಂದು ನಳದ ಕಡೆ ಹೊರಟೆ.

"ಇರ್ಲಿ ಅಣ್ಣಾ," ಎಂದಳು, "ಒಂದ ಚೂರು ತಡೀರಿ."