ಅಕಾಯಿತಿಯ ಗಾಡಿ, ನನ್ನ ನಾಲಿಗೆ

ಹತ್ತೊಂಬತ್ತು ವರ್ಷ ನಾನು ಅಕಾಯಿತಿಯ ಬೆನ್ನು ನೋಡಿಕೊಂಡೇ ಕೆಲಸಕ್ಕೆ ಹೋಗಿದ್ದೇನೆ. ಅಗಲವಾದ ಬೆನ್ನು, ಹೂವಿನ ಅಚ್ಚಿನ ಅಂಗಿ, ಹೆಲ್ಮೆಟ್ಟಿನ ಸುತ್ತ ಬಿಗಿದು ಕಟ್ಟಿದ ಹೂದಂಡೆ. ಗಾಡಿ ಓಡುವಾಗ ಆ ದಂಡೆಯ ಎಸಳು ಕಿತ್ತು ಬಂದು ನೇರ ನನ್ನ ಬಾಯಿಗೇ ಬೀಳುತ್ತಿತ್ತು. "ಬಾಯಿ ಮುಚ್ಕೊಂಡು ಕೂತ್ರೆ ಯಾಕೆ ಬೀಳುತ್ತೆ?" ಎನ್ನುತ್ತಿದ್ದಳು. ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಈಗ ಹೇಳುತ್ತಿರುವ ಫಜೀತಿಗೂ ಅದೇ ಕಾರಣ.

ಪೆಸಿಫಿಕ್ ಸಾಗರದ ನಡುವಿನ ನಮ್ಮ ರಾರೊಟೊಂಗಾದಲ್ಲಿ ದ್ವೀಪ ಸುತ್ತುವ ದೊಡ್ಡ ರಸ್ತೆ ಒಂದೇ. ನಮ್ಮಿಬ್ಬರ ಮನೆ ದಕ್ಷಿಣದ ತಿತಿಕಾವೇಕಾದಲ್ಲಿ, ಬೇಕರಿ ಉತ್ತರದ ಪೇಟೆಯಲ್ಲಿ. ಅವಳು ಹಿಟ್ಟು ನಾದುವವಳು, ನಾನು ಬ್ರೆಡ್ಡು ಕಟ್ಟುವವಳು. ಹಿಟ್ಟು ಬೆಳಗಿನ ಐದಕ್ಕೆ ಕಲಸಲೇಬೇಕು, ಮೊದಲ ಬಸ್ಸು ಹೊರಡುವುದು ಏಳಕ್ಕೆ. ಗಾಡಿ ಇಲ್ಲದವಳಿಗೆ ಆ ಕೆಲಸವೂ ಇಲ್ಲ. ಅಕಾಯಿತಿಗೆ ಅರವತ್ತಾರು ವಯಸ್ಸು, ಮಕ್ಕಳಿಲ್ಲ, ಗಂಡ ಇಯೋನಾ ತೀರಿಕೊಂಡು ಎಂಟು ವರ್ಷ. ಬೆಳಿಗ್ಗೆ ಎದ್ದು ಹೋಗಲು ಆ ಹಿಟ್ಟಿನ ತೊಟ್ಟಿಯೊಂದು ಇದ್ದದ್ದರಿಂದಲೇ ಅವಳು ನೆಟ್ಟಗೆ ಉಳಿದಿದ್ದಳು ಎಂದು ನನಗೆ ಗೊತ್ತಿತ್ತು.

ಅವಳ ಹಳೆಯ ಕೆಂಪು ಗಾಡಿಗೆ ಇಪ್ಪತ್ತೆರಡು ವರ್ಷ. ಕ್ಲಚ್ಚಿಲ್ಲ, ಕಾಲಲ್ಲಿ ಗೇರು, ಮುಂದೆ ಕಾಲು ತೂರಿಸಿ ಕೂರುವಂಥದ್ದು. ಸಮುದ್ರದ ಉಪ್ಪುಗಾಳಿ ಅದನ್ನು ಒಳಗಿನಿಂದ ತಿಂದಿತ್ತು. ಗಾಡಿ ರಿಪೇರಿಯನ್ನೂ ಮಾರಾಟವನ್ನೂ ಒಂದೇ ತಗಡಿನ ಚಪ್ಪರದಲ್ಲಿ ನಡೆಸುವ ಪುನಾ, ಅದರ ಹೊಟ್ಟೆಯಡಿ ಸ್ಕ್ರೂಡ್ರೈವರ್ ಚುಚ್ಚಿದ. ಅದು ಈಚೆಯಿಂದ ಆಚೆಗೆ ಬಂತು.

"ಅತ್ತೇ, ಇನ್ನೊಂದು ಗುಂಡಿ ಇಳಿಸಿದ್ರೆ ನೀವು ಮುಂದಿನ ಚಕ್ರದ ಜೊತೆ ಪೇಟೆಗೆ ಹೋಗ್ತೀರಿ, ತುವಾಯಿನೆ ಹಿಂದಿನ ಚಕ್ರದ ಜೊತೆ ಇಲ್ಲೇ ಇರ್ತಾಳೆ" ಎಂದ.

ತುವಾಯಿನೆ ಎಂದರೆ ನಾನು.

ಅವನ ಹತ್ತಿರ ಆಗ ಮಾರಾಟಕ್ಕಿದ್ದವು ಎರಡೇ. ಒಂದು, ಪ್ರವಾಸಿಗಳು ಬಾಡಿಗೆಗೆ ಹಿಡಿದು ಸುತ್ತುವಂಥ ಗೇರಿಲ್ಲದ ತಗ್ಗು ಸ್ಕೂಟರ್. ಚಿಕ್ಕ ಚಕ್ರ, ಕಾಲಿಡಲು ಚಪ್ಪಟೆ ಜಾಗ, ಕುರ್ಚಿಯಲ್ಲಿ ಕೂತಂತೆ ಕೂರಬಹುದು. ಇನ್ನೊಂದು ತೋಟದ ಕಚ್ಚಾ ದಾರಿಗೆ ಮಾಡಿದ ಎತ್ತರದ ನೀಲಿ ಗಾಡಿ, ಇಯೋನಾ ಓಡಿಸುತ್ತಿದ್ದುದರ ತಮ್ಮನ ಹಾಗಿತ್ತು. ಎರಡು ವರ್ಷದಿಂದ ಅವಳ ಬಲ ಸೊಂಟದ ಕೀಲು ಹಿಡಿದುಕೊಂಡಿತ್ತು, ಹಳೆಯ ಗಾಡಿಯನ್ನು ಹತ್ತುವಾಗಲೂ ಹಲ್ಲು ಕಚ್ಚುತ್ತಿದ್ದಳು. ಅದು ನನಗೂ ಕಾಣುತ್ತಿತ್ತು. ಅವಳ ಕೈ ಮೊದಲು ಹೋದದ್ದು ಸ್ಕೂಟರಿನ ಸೀಟಿನ ಮೇಲೆ. ಎರಡು ಸಲ ಸವರಿದಳು.

ಆಗ ನನ್ನ ನಾಲಿಗೆ ಸುಮ್ಮನಿರಬೇಕಿತ್ತು.

"ತಗೋ ಅಕ್ಕಾ, ತಗೋ. ಮೂಗು ಕೆಂಪಗೆ ಸುಟ್ಕೊಂಡು, ಮೊಣಕಾಲಿಗೆ ಬ್ಯಾಂಡೇಜು ಕಟ್ಕೊಂಡು ನೀನೂ ಪ್ರವಾಸಿ ಆಗ್ಬಿಡು. ಮುರಿ ಬೀಚಿಗೆ ದಾರಿ ಯಾವ್ದು ಅಂತ ನನ್ನನ್ನೇ ಕೇಳು!"

ಪುನಾ ನಕ್ಕ. ಟಯರಿಗೆ ಗಾಳಿ ಹಾಕಿಸಲು ಬಂದಿದ್ದ ಇಬ್ಬರೂ ನಕ್ಕರು. ಅಕಾಯಿತಿ ಸೀಟಿನಿಂದ ಕೈ ತೆಗೆದಳು. "ಆ ನೀಲಿದು ಕೊಡು" ಎಂದಳು, ಹತ್ತಿ ಕೂಡ ನೋಡದೆ.

ತಮಾಷೆಯೆಂದರೆ ನನ್ನ ಗಂಡ ಮತಾಯೊ ಮೂರು ವರ್ಷದಿಂದ ಓಡಿಸುತ್ತಿದ್ದುದೂ ಅಂಥದ್ದೇ ತಗ್ಗು ಸ್ಕೂಟರನ್ನು. ಅವನಿಗೂ ನಾನು ಇದೇ ಮಾತು ಆಡುತ್ತಿದ್ದೆ. ಅವನಿಗೆ ನನ್ನ ಮಾತು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುತ್ತದೆ, ಅದಕ್ಕೇ ನಮ್ಮ ಸಂಸಾರ ನಡೆದಿದೆ.

ಹೊಸ ಗಾಡಿ ಬಂದರೆ ಪ್ರಾರ್ಥನೆ ಮಾಡಿಸದೆ ರಸ್ತೆಗಿಳಿಸುವುದಿಲ್ಲ. ಶನಿವಾರ ಅವಳ ಅಂಗಳದಲ್ಲಿ ಊರೇ ಸೇರಿತು. ನೆಲದ ಒಲೆಯಲ್ಲಿ ಇಡೀ ಹಂದಿ ಬೆಂದಿತ್ತು, ಕೆಸುವಿನ ಗೆಡ್ಡೆ ಬೆಂದಿತ್ತು, ತೆಂಗಿನಹಾಲಿನಲ್ಲಿ ಕಲಸಿದ ಹಸಿಮೀನು ಎರಡು ಬಕೆಟ್ಟು. ಪಾದ್ರಿಗಳು ನೀಲಿ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು ಉದ್ದಕ್ಕೆ ಪ್ರಾರ್ಥಿಸಿದರು. ಪುನಾ ಎರಡು ಸಲ ತಟ್ಟೆ ತುಂಬಿಸಿಕೊಂಡ. ಅಕಾಯಿತಿ ಗಾಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು, ಹತ್ತಲಿಲ್ಲ. ಹೊಸ ಬಟ್ಟೆಯ ಹಾಗೆ ಗಾಡಿಯನ್ನೂ ಜೋಪಾನ ಮಾಡುತ್ತಿದ್ದಾಳೆ ಎಂದುಕೊಂಡೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ನನ್ನನ್ನು ಪಕ್ಕಕ್ಕೆ ಕರೆದಳು.

"ನಾಳೆಯಿಂದ ನಿನ್ನ ಗಂಡನ ಜೊತೆ ಬಾ."

"ಯಾಕಕ್ಕಾ?"

"ಹೊಸ ಗಾಡಿ. ಒಬ್ಬಳೇ ಓಡಿಸಿ ಕೈ ಕೂರಿಸ್ಕೋಬೇಕು."

"ಎಷ್ಟು ದಿನ?"

"ನನಗೇನು ಗೊತ್ತು? ನಿನ್ನ ಹೊತ್ಕೊಂಡು ತಿರುಗೋಕೆ ನಾನೇನು ಬಸ್ಸಾ?"

ಹತ್ತೊಂಬತ್ತು ವರ್ಷದಲ್ಲಿ ಆ ಮಾತು ಬಂದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊಸ ಗಾಡಿ ಬಂದೊಡನೆ ಹಳೆಯ ಜೊತೆಗಾತಿ ಭಾರವಾದಳೋ ಎಂದುಕೊಂಡೆ. ಮೂರು ವಾರ ನಾವು ಬೇಕರಿಯಲ್ಲಿ ಮುಖ ಕೊಟ್ಟು ಮಾತಾಡಲಿಲ್ಲ. ಮತಾಯೊ ನನ್ನನ್ನು ಕರೆತಂದು ಬಿಟ್ಟು, ಆಕಳಿಸುತ್ತ ವಾಪಸು ಹೋಗುತ್ತಿದ್ದ. ಒಂದು ವಿಷಯ ಮಾತ್ರ ಗಮನಿಸಿದ್ದೆ: ಅವಳು ಗಾಡಿಯನ್ನು ಎಲ್ಲರ ಹಾಗೆ ಮರದಡಿ ನಿಲ್ಲಿಸುತ್ತಿರಲಿಲ್ಲ, ಮೈದಾ ಮೂಟೆ ಇಳಿಸುವ ಸಿಮೆಂಟ್ ಕಟ್ಟೆಗೆ ಒತ್ತಿಸಿ ನಿಲ್ಲಿಸುತ್ತಿದ್ದಳು. ಅದನ್ನೂ ಜಂಬವೆಂದೇ ತಿಳಿದೆ.

ನಾಲ್ಕನೆಯ ವಾರ ನನಗೆ ತಡೆಯಲಾಗಲಿಲ್ಲ. ಚೆನ್ನಾಗಿ ಜಗಳವಾಡಿ ಮುಗಿಸೋಣವೆಂದು ನಸುಕಿನಲ್ಲೇ ಅವಳ ಮನೆಗೆ ನಡೆದೆ. ಬೇಲಿ ದಾಟುವಾಗ ಮಾತು ಕೇಳಿಸಿತು.

"ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ರೀ. ನಿನ್ನೆ ಜಾರಿಸಿಬಿಟ್ರಿ."

ಎಲ್ಲರ ಮನೆಯಂತೆ ಅವಳ ಅಂಗಳದಲ್ಲೂ, ವರಾಂಡದೆದುರಿಗೇ, ಗಂಡನ ಸಮಾಧಿಯಿದೆ. ಬಿಳಿ ಸುಣ್ಣ ಬಳಿದ, ಮೊಣಕಾಲೆತ್ತರದ ಸಿಮೆಂಟಿನದು. ಸಂಜೆ ಅದರ ಮೇಲೆ ಕೂತೇ ನಾವು ಹೂ ಕಟ್ಟುವುದು. ವರಾಂಡದ ದೀಪದ ಬೆಳಕಿನಲ್ಲಿ ನೀಲಿ ಗಾಡಿ ಅದಕ್ಕೆ ಆನಿಕೊಂಡು ನಿಂತಿತ್ತು. ಗಟ್ಟಿಯಾಗಿ ಹಿಡ್ಕೊಳ್ಳಿ ಎಂದದ್ದು ಇಯೋನಾನಿಗೇ. ಅಕಾಯಿತಿ ಸಮಾಧಿಯ ಮೇಲೆ ಹತ್ತಿ, ಎರಡು ಕೈಯಲ್ಲಿ ಬಲಗಾಲನ್ನು ಎತ್ತಿ, ಸೀಟಿನಾಚೆ ದಾಟಿಸಲು ಹೆಣಗುತ್ತಿದ್ದಳು. ಮೂರನೆಯ ಸಲಕ್ಕೆ ದಾಟಿತು. ಸೀಟಿಗೆ ಕೂತು ಕಾಲು ಇಳಿಬಿಟ್ಟಳು. ಹೆಬ್ಬೆರಳ ತುದಿ ಕೂಡ ನೆಲಕ್ಕೆ ತಾಗಲಿಲ್ಲ.

ಇಲ್ಲಿ ಸಮಾಧಿಯಿಂದ ಹತ್ತುವುದು, ಅಲ್ಲಿ ಕಟ್ಟೆಗೆ ಇಳಿಯುವುದು, ನಡುವೆ ಹಂದಿ ಬಂದರೂ ನಾಯಿ ಬಂದರೂ ನಿಲ್ಲುವಂತಿಲ್ಲ! ಮೂರು ವಾರದಿಂದ ಈ ಹೆಂಗಸು ಎಲ್ಲಿಯೂ ಕಾಲೂರದೆ ಕೆಲಸಕ್ಕೆ ಹೋಗಿಬರುತ್ತಿದ್ದಳು.

"ಅಕ್ಕಾ!" ಎಂದು ಕಿರುಚಿದೆ. ಅದೂ ತಪ್ಪಾಯಿತು. ಬೆಚ್ಚಿ ತಿರುಗಿದಳು. ಗಾಡಿ ವಾಲಿತು, ಅವಳು ಸಮಾಧಿಯ ಮೇಲೆಯೇ ಕುಕ್ಕರಿಸಿದಳು, ಗಾಡಿ ಆಚೆ ಮಗ್ಗುಲಿಗೆ ಬಿತ್ತು. ಪೆಟ್ಟಾಗಲಿಲ್ಲ. ಇಯೋನಾನ ತಲೆಕಡೆ ಇಟ್ಟಿದ್ದ ಗಾಜಿನ ಹೂದಾನಿ ಮಾತ್ರ ಒಡೆಯಿತು. ಅವಳು ಅದರ ಚೂರು ಆರಿಸುತ್ತ ಆರಿಸುತ್ತ ಅಳತೊಡಗಿದಳು. ಇಯೋನಾನ ಮಣ್ಣಿನ ದಿನವೂ ಅವಳು ನಮ್ಮೆದುರು ಹಾಗೆ ಅತ್ತಿರಲಿಲ್ಲ.

"ವಾಪಸ್ ಕೊಡಬಾರ್ದಿತ್ತಾ ಅಕ್ಕಾ?"

"ಪುನಾನ ಕೇಳ್ದೆ. 'ಪ್ರಾರ್ಥನೆ ಆದ ಗಾಡಿ, ಆ ಹಂದಿ ನಾನೂ ತಿಂದಿದ್ದೀನಿ ಅತ್ತೇ, ಈಗ ವಾಪಸ್ ತಗೊಂಡ್ರೆ ಪಾದ್ರಿಗಳ ಪ್ರಾರ್ಥನೆ ಸುಳ್ಳು ಅಂದ ಹಾಗಾಗುತ್ತೆ' ಅಂದ. ಊರೆಲ್ಲ ಉಂಡು ಹೋಗಿದೆ. ಯಾವ ಮುಖ ಇಟ್ಕೊಂಡು ಹೇಳ್ಲಿ, ನನಗೆ ಹತ್ತೋಕಾಗಲ್ಲ ಅಂತ? ಬೇಕರಿಯವರಿಗೆ ಗೊತ್ತಾದ್ರೆ ನಾಳೆಯಿಂದ ಮನೇಲಿ ಕೂತ್ಕೋ ಅಂತಾರೆ."

"ನನಗಾದ್ರೂ ಹೇಳ್ಬಾರ್ದಾ?"

"ನಿನಗಾ?" ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಎರಡು ಆಳಿನ ತೂಕ ಹಿಡಿಯೋಕೆ ಆಗಲ್ಲ, ನಿನ್ನ ಬೀಳಿಸ್ಬಿಡ್ತೀನಿ ಅಂತ ಹೇಳಿದ್ರೆ ನೀನು ನಗ್ತಿದ್ದೆ."

ನಗುತ್ತಿದ್ದೆ. ಅದೇ ನನಗೆ ಸಹಿಸಲಾಗದ್ದು. ನಾನು ಬೀಳಬಾರದೆಂದು ನನ್ನನ್ನು ಇಳಿಸಿ, ತಾನು ಬೀಳಲು ತಯಾರಾಗಿ ಹೊರಟವಳ ಮೇಲೆ ನಾನು ಮೂರು ವಾರ ಮುಖ ಊದಿಸಿಕೊಂಡಿದ್ದೆ. ಅವಳ ಪಕ್ಕ ಸಮಾಧಿಯ ಮೇಲೆ ಕೂತು ನಾನೂ ಅತ್ತೆ. ಆ ದಿನ ಊರಿಗೆ ಬ್ರೆಡ್ಡು ಒಂದು ಗಂಟೆ ತಡವಾಯಿತು.

ಸಂಜೆ ಮತಾಯೊಗೆ ಎಲ್ಲ ಹೇಳಿದೆ. ಅವನು ಅಕಾಯಿತಿಗೆ ಚಿಕ್ಕಪ್ಪನ ಮಗ. ಅಂಗಡಿಗೆ ಹಿಂತಿರುಗಿಸಿದರೆ ಪ್ರಾರ್ಥನೆಗೆ ಅವಮಾನ, ಆದರೆ ನೆಂಟರಿಗೆ ಕೊಟ್ಟರೆ ಕೊಟ್ಟವಳ ಹೆಸರು ದೊಡ್ಡದು. ನಮ್ಮಲ್ಲಿ ಅದು ಚಿಕ್ಕ ಮಕ್ಕಳಿಗೂ ಗೊತ್ತು. ಮತಾಯೊ ಉದ್ದ ಕಾಲಿನವನು, ಅವನ ಕೆಸುವಿನ ಗದ್ದೆಗೆ ಹೋಗುವುದು ಕಲ್ಲುದಾರಿ.

"ನನ್ನ ಸ್ಕೂಟರ್ ಅವಳಿಗೆ, ಅವಳ ನೀಲಿದು ನನಗೆ" ಎಂದ. "ಹೊಸದಕ್ಕೆ ಹಳೇದು ಕೊಟ್ಟ ಅನ್ನಿಸ್ಕೊಳ್ಳೋದು ಬೇಡ, ಎರಡು ಹಂದಿಮರೀನೂ ಬಿಟ್ಟು ಬರ್ತೀನಿ. ಆದ್ರೆ ಅದು ಪ್ರವಾಸಿಗಳ ಗಾಡಿ ಅಂತ ಯಾರೋ ಹೇಳ್ತಿದ್ರಲ್ಲ?"

"ಯಾರೋ ಬುದ್ಧಿಯಿಲ್ಲದೋರು" ಎಂದೆ.

ಸ್ಕೂಟರ್ ಕಲಿಯಲು ಅವಳಿಗೆ ಎರಡು ವಾರ ಹಿಡಿಯಿತು. ಇಪ್ಪತ್ತೆರಡು ವರ್ಷ ಬಲಗಾಲಲ್ಲಿ ಬ್ರೇಕು ಒತ್ತಿದವಳು, ಇಲ್ಲದ ಬ್ರೇಕನ್ನು ಹುಡುಕಿ ಚಪ್ಪಟೆ ನೆಲವನ್ನೇ ತುಳಿಯುತ್ತಿದ್ದಳು. ಒಂದು ಸಲ ನಮ್ಮ ಬಾಳೆಗಿಡಗಳ ನಡುವೆ ಹೊಕ್ಕು ಆಚೆ ಬಂದಳು. ನಾನು ತುಟಿ ಕಚ್ಚಿ ನಿಂತಿದ್ದೆ. "ನಕ್ಬಿಡು, ಇಲ್ದಿದ್ರೆ ಸತ್ಹೋಗ್ತೀಯ" ಎಂದಳು. ಇಬ್ಬರೂ ನಕ್ಕೆವು. ಆದರೆ ನಿಲ್ಲಿಸಿದಾಗಲೆಲ್ಲ ಅವಳ ಎರಡು ಪಾದಗಳೂ ಪೂರ್ತಿಯಾಗಿ ನೆಲದ ಮೇಲಿದ್ದವು.

ಮೂರನೆಯ ಸೋಮವಾರ ನಾಲ್ಕೂವರೆಗೆ ನಮ್ಮ ಬೇಲಿಯ ಹತ್ತಿರ ಹಾರ್ನ್ ಕೇಳಿಸಿತು. ಹೊರಗೆ ಬಂದೆ. ಹೂದಂಡೆ, ಅಗಲ ಬೆನ್ನು, ಎಲ್ಲ ಮೊದಲಿನಂತೆಯೇ. ಹತ್ತು ಎಂಬಂತೆ ಹುಬ್ಬು ಮೇಲೆತ್ತಿದಳು. ಹತ್ತಿ ಕೂತೆ.

ತಿಂಗಳಾದ ಮೇಲೆ ಪಾದ್ರಿಗಳನ್ನು ಕರೆಸಿದಳು. ಈ ಸಲ ಊಟವಿಲ್ಲ, ಬೇಕರಿಯ ಬನ್ನು ಮತ್ತು ಚಹಾ ಅಷ್ಟೇ. ಪಾದ್ರಿಗಳು ಸ್ಕೂಟರನ್ನು ಸುತ್ತ ನೋಡಿದರು.

"ಇದಕ್ಕೆ ಮತಾಯೊ ತಂದಾಗಲೇ ಪ್ರಾರ್ಥನೆ ಆಗಿದೆಯಲ್ಲಮ್ಮ?"

"ಮುಂದಿನ ಸೀಟಿಗೆ ಆಗಿದೆ ಅಯ್ಯಾ, ಅದನ್ನ ನಾನು ನೋಡ್ಕೋತೀನಿ" ಎಂದು ಅವಳು ಹಿಂದಿನ ಸೀಟಿನ ಮೇಲೆ ನನ್ನನ್ನು ಒತ್ತಿ ಕೂರಿಸಿದಳು. "ಕೈ ಇಲ್ಲಿಡಿ, ಇವಳ ತಲೆ ಮೇಲೆ. ಇವಳ ನಾಲಿಗೆಗೊಂದು ಪ್ರಾರ್ಥನೆ ಮಾಡಿ."

ಪಾದ್ರಿಗಳು ನಗಲಿಲ್ಲ. ನಿಜವಾಗಿಯೂ ನನ್ನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ನನಗೆ ಹೇಳಲು ಹತ್ತು ಮಾತು ಬಾಯಿಗೆ ಬಂದಿದ್ದವು. ಒಂದನ್ನೂ ಆಡದೆ, ಆಮೆನ್ ಎಂದೆ.